ಸೊನ್ನೆಯಿಂದ ಎಣಿಸಿ

ಪ್ರಥಮ ಪಿಯುಸಿಯ ಭೌತಶಾಸ್ತ್ರ ಲ್ಯಾಬ್ ಎಂದರೆ ನೆನಪಾಗುವುದು ಸೀಳಿದ ಕಾರ್ಕ್, ಅದರ ನಡುವೆ ಸಿಕ್ಕಿಸಿದ ದಾರ, ತುದಿಗೊಂದು ಹಿತ್ತಾಳೆ ಗುಂಡು. ಈ ಲೋಲಕದಲ್ಲೇ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆಷ್ಟು ಏರುತ್ತದೆ ಎನ್ನುವ ‘ಜಿ’, ಕಂಡುಹಿಡಿಯಬೇಕು. ಕಲ್ಲನ್ನೇ ಬೀಳಿಸಿ ಅಳೆದರೆ ಆಗದೇ? ಆಗದು. 2 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು 0.64 ಸೆಕೆಂಡಿನಲ್ಲಿ ನೆಲ ಸೇರುತ್ತದೆ. ಸ್ಟಾಪ್ ವಾಚ್ ಒತ್ತುವ ಬೆರಳು ಬರೀ 0.1 ಸೆಕೆಂಡು ಅವಸರಪಟ್ಟರೂ 9.8ರ ಆಸುಪಾಸಿನಲ್ಲಿರಬೇಕಾದ ಜಿ 13.7 ಆಗಿ ಕೂರುತ್ತದೆ. ಲೋಲಕದಲ್ಲಿ ಬೆರಳಿನ ಅದೇ ತಪ್ಪು 20 ಆಂದೋಲನಗಳಿಗೆ ಹಂಚಿಹೋಗುತ್ತದೆ.

ಗಡಿಯಾರ ಶುರುಮಾಡುವುದು ಗುಂಡು ನಡುಬಿಂದುವನ್ನು ದಾಟುವಾಗ. ತುದಿಯಲ್ಲಿ ಅದು ಸೋಮಾರಿಯಾಗಿ ನಿಂತು ತಿರುಗುವುದರಿಂದ ಯಾವ ಕ್ಷಣಕ್ಕೆ ತಿರುಗಿತೆಂದು ಕಣ್ಣಿಗೆ ತಿಳಿಯದು. ನಡುವೆ ವೇಗ ಹೆಚ್ಚು, ಅನುಮಾನ ಕಡಿಮೆ. ಮೊದಲ ದಾಟಿಗೆ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದರೆ ಕೆಟ್ಟಿತು: 1 ಮೀಟರ್ ಉದ್ದದ ಲೋಲಕಕ್ಕೆ 40.2 ಸೆಕೆಂಡು ಬರಬೇಕಾದಲ್ಲಿ 38.2 ಬಂದು ಜಿ 10.8ಕ್ಕೆ ಏರುತ್ತದೆ. 10.8 ಕಂಡರೆ ಸೂತ್ರವನ್ನು ತಡಕಬೇಡಿ, ಎಣಿಕೆ ನೋಡಿ. ಗುಂಡನ್ನು 30 ಡಿಗ್ರಿಯವರೆಗೆ ಎಳೆದು ಬಿಡುವ ಉತ್ಸಾಹವೂ ದುಬಾರಿ. ಅವಧಿ, ಅಂದರೆ ಒಂದು ಆಂದೋಲನದ ಕಾಲ, ಸುಮಾರು ಶೇ. 1.7 ಹಿಗ್ಗಿ ಜಿ ಶೇ. 3ಕ್ಕೂ ಹೆಚ್ಚು ಕುಗ್ಗುತ್ತದೆ. 5 ಡಿಗ್ರಿ ಸಾಕು.

ಇನ್ನು ಉದ್ದ. ದಾರ, ಕೊಕ್ಕೆ, ಅದರ ಮೇಲೆ ಗುಂಡಿನ ತ್ರಿಜ್ಯ. ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯಲ್ಲಿ ವ್ಯಾಸ ಅಳೆದು ಅರ್ಧ ಮಾಡಲು ಮರೆಯುವವರು ಒಂದು ಗುಂಪು, ತ್ರಿಜ್ಯವನ್ನೇ ಕೈಬಿಡುವವರು ಇನ್ನೊಂದು. ಇಲ್ಲಿ ಗ್ರಾಫ್ ಕಾಪಾಡುತ್ತದೆ. ಉದ್ದವನ್ನು 60ರಿಂದ 120 ಸೆಂ.ಮೀ.ವರೆಗೆ ಬದಲಿಸಿ, ಅವಧಿಯ ವರ್ಗವನ್ನು ಮೀಟರಿನಲ್ಲಿ ಬರೆದ ಉದ್ದದ ಎದುರು ಗುರುತಿಸಿದರೆ ಗೆರೆಯ ಇಳಿಜಾರು 4.04ರ ಆಸುಪಾಸಿನಲ್ಲಿರುತ್ತದೆ; 4π²ಯನ್ನು ಅದರಿಂದ ಭಾಗಿಸಿದರೆ ಜಿ. ತ್ರಿಜ್ಯ ಬಿಟ್ಟುಹೋಗಿದ್ದರೂ ಇಳಿಜಾರು ಅದೇ! ಗೆರೆ ಮಾತ್ರ ಮೂಲಬಿಂದುವನ್ನು ತಪ್ಪಿಸಿ, ಉದ್ದದ ಅಕ್ಷವನ್ನು ಸುಮಾರು 1 ಸೆಂ.ಮೀ. ಎಡಕ್ಕೆ ಕತ್ತರಿಸುತ್ತದೆ. ಆ 1 ಸೆಂ.ಮೀ.ಯೇ ಮರೆತ ತ್ರಿಜ್ಯ. ರಬ್ಬರ್ ಹಿಡಿದು ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದರೆ ಈ ಸಾಕ್ಷಿಯೂ ಹೋಗುತ್ತದೆ, ಇಳಿಜಾರೂ ಕೆಡುತ್ತದೆ.

ರೆಕಾರ್ಡ್ ಪುಸ್ತಕಗಳಲ್ಲಿ ಸಾಲಾಗಿ ಪಠ್ಯಪುಸ್ತಕದ 9.81 ಕಾಣುವುದು ಇಂಥ ರಬ್ಬರಿನ ಕೃಪೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, 900 ಮೀಟರ್ ಎತ್ತರದಲ್ಲಿ. ಇಲ್ಲಿನ ಜಿ 9.78. ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದವರು ಸಿಕ್ಕಿಬೀಳುವುದು ಅಲ್ಲೇ.

ಸದಿಶಗಳ, ಅಂದರೆ ಬಲದಂತೆ ಪ್ರಮಾಣದ ಜೊತೆ ದಿಕ್ಕೂ ಇರುವ ರಾಶಿಗಳ, ಹಲಗೆಯದು ಬೇರೆ ರಗಳೆ. ಎರಡು ರಾಟೆ, ಮೂರು ದಾರ, ನಡುವೆ ಗಂಟು. 150 ಮತ್ತು 200 ಗ್ರಾಂ ಲಂಬಕೋನದಲ್ಲಿ ಎಳೆದರೆ ಕೆಳಗೆ ತೂಗುವ ವಸ್ತು 250 ಗ್ರಾಂ. 1 ಸೆಂ.ಮೀ.ಗೆ 25 ಗ್ರಾಂ ಎಂದು ಹಿಡಿದರೆ ಹಾಳೆಯ ಮೇಲೆ ಎಳೆದ ಸಮಾಂತರ ಚತುರ್ಭುಜದ ಭುಜಗಳು 6 ಮತ್ತು 8, ಕರ್ಣ 10. ತೂಕ ಸಿಕ್ಕಿಸುವ ಹ್ಯಾಂಗರ್ ತಲಾ 50 ಗ್ರಾಂ ಇದ್ದು ಅದನ್ನು ಸೇರಿಸದಿದ್ದರೆ ಕರ್ಣ 180 ಗ್ರಾಂ ತೋರಿಸುತ್ತದೆ. ಜೊತೆಗೆ ಕೆಳಗಿಳಿದ ದಾರದ ನೇರಕ್ಕೆ ಬಾರದೆ 3 ಡಿಗ್ರಿ ಪಕ್ಕಕ್ಕೆ ವಾಲುತ್ತದೆ. ಕೋನಮಾಪಕ ಹಿಡಿಯುವ ಮೊದಲೇ ಕಣ್ಣಿಗೆ ಬೀಳುವ ಸುಳಿವು ಅದು.

ಎಲ್ಲ ಸರಿಯಿದ್ದೂ ಲೆಕ್ಕ ತಾಳೆಯಾಗದಿದ್ದರೆ ಗಂಟನ್ನು ಬೆರಳಿಂದ ಮೆಲ್ಲಗೆ ತಳ್ಳಿ ಬಿಡಿ. ಇದ್ದಲ್ಲಿಗೆ ಮರಳದಿದ್ದರೆ ರಾಟೆ ಹಿಡಿಯುತ್ತಿದೆ ಎಂದರ್ಥ. ಒಂದು ಹನಿ ಎಣ್ಣೆ ಬಿಟ್ಟು, ತೂಕಗಳು ಹಲಗೆಗೆ ಒರಗಿಲ್ಲವೆಂದು ನೋಡಿಕೊಂಡು, ದಾರದ ಹಿಂದೆ ಕನ್ನಡಿ ಪಟ್ಟಿ ಇಟ್ಟು, ದಾರವೂ ಪ್ರತಿಬಿಂಬವೂ ಒಂದಾದಾಗ ಚುಕ್ಕೆ ಹಾಕಿ.