ರಕ್ತದ ಗುರುತು ಯಾರು ಹಾಕಬೇಕು?

ಆಟಿ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ತೆಂಕಣ ಊರುಗಳಲ್ಲಿ ಮನೆಮನೆಗೆ ವೇಡನ್, ಅಂದರೆ ಬೇಡನ ವೇಷ, ಬರುವುದುಂಟು. ಮುಖಕ್ಕೆ ಬಣ್ಣ, ತಲೆಗೆ ಕಿರೀಟ ಇಟ್ಟುಕೊಂಡ ಪುಟ್ಟ ಹುಡುಗ. ಜತೆಗಿರುವ ಹಿರಿಯರು ಚೆಂಡೆ ಬಡಿಯುತ್ತ ಕಿರಾತಾರ್ಜುನರ ಕಥೆ ಹಾಡುತ್ತಾರೆ. ಮುಂದೆ ದೊಡ್ಡ ತೆಯ್ಯಂ (ದೈವದ ವೇಷ) ಕಟ್ಟಬೇಕಾದ ಎಷ್ಟೋ ಮಕ್ಕಳಿಗೆ ಮೊದಲ ವೇಷ ಈ ಬೇಟೆಗಾರನದೇ. ವರ್ಷಗಟ್ಟಲೆ ಕಲಿತು, ಕಷ್ಟದ ತೆಯ್ಯಂ ಕಟ್ಟಿ ಸೈ ಅನಿಸಿಕೊಂಡವನಿಗೆ ಪಟ್ಟು (ರೇಷ್ಮೆ ಬಟ್ಟೆ), ಬಳೆ ಕೊಟ್ಟು ಆಚಾರದ ಹೆಸರಿಡುತ್ತಾರೆ. ಆ ಬಳೆಯನ್ನು ಪೇಟೆಯಿಂದ ತಂದು ತಾನೇ ತೊಟ್ಟುಕೊಂಡರೆ ನಡೆಯುವುದಿಲ್ಲ.

ಪ್ರಿಡೇಟರ್ ಸಿನಿಮಾಗಳನ್ನು ನೋಡುವಾಗ ಈ ಬಳೆ ನೆನಪಿನಲ್ಲಿರಲಿ. ಆ ಅನ್ಯಗ್ರಹದ ಬೇಟೆಗಾರರು ಎಷ್ಟು ತಲೆ ಉರುಳಿಸಿದರು ಎಂದು ಲೆಕ್ಕ ಹಾಕುತ್ತ ಕೂತವರಿಗೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಬೇಟೆ ಗೆದ್ದವರ ಮುಖಕ್ಕೆ ರಕ್ತದ ಗುರುತು ಯಾರು ಹಾಕಿದರು, ಯಾವುದರಿಂದ ಹಾಕಿದರು, ಯಾರ ಕಣ್ಣೆದುರು ಹಾಕಿದರು ಎಂದು ನೋಡಬೇಕು.

1987ರ ಮೊದಲ ಸಿನಿಮಾದಲ್ಲಿ ದೀಕ್ಷೆಯ ಮಾತೇ ಇಲ್ಲ. ನಿಯಮ ಮಾತ್ರ ಇದೆ: ಕೈಯಲ್ಲಿ ಆಯುಧ ಇಲ್ಲದವರನ್ನು ಮುಟ್ಟುವುದಿಲ್ಲ, ಸರಿಸಾಟಿ ಸಿಕ್ಕಿದರೆ ಮುಖವಾಡವನ್ನೂ ಹೆಗಲ ಮೇಲಿನ ಫಿರಂಗಿಯನ್ನೂ ಕಳಚಿಟ್ಟು ಬರಿಗೈಯಲ್ಲಿ ನಿಲ್ಲುತ್ತದೆ. 1990ರ ಎರಡನೇ ಸಿನಿಮಾದಲ್ಲಿ ಗರ್ಭಿಣಿ ಎಂದು ಗೊತ್ತಾದ ಪೊಲೀಸ್ ಹೆಂಗಸನ್ನು ಬಿಟ್ಟು ಹೋಗುತ್ತದೆ. ಅದರ ಕೊನೆಗೆ ಪೊಲೀಸ್ ಅಧಿಕಾರಿ ಹ್ಯಾರಿಗನ್ ಒಬ್ಬ ಬೇಟೆಗಾರನನ್ನು ಕೊಂದ ಮೇಲೆ ಹಡಗಿನೊಳಗೆ ಇನ್ನಷ್ಟು ಮಂದಿ ಕಾಣಿಸಿಕೊಳ್ಳುತ್ತಾರೆ. ಸೇಡು ತೀರಿಸಿಕೊಳ್ಳುವ ಬದಲು ಹಿರಿಯನೊಬ್ಬ 1715 ಎಂದು ಕೆತ್ತಿದ ಹಳೆಯ ಪಿಸ್ತೂಲು ಎಸೆದು ಹೊರಟುಹೋಗುತ್ತಾನೆ.

ಇಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಬೇರೆ ವಿವರಣೆ ಬೇಕೆ? ಮೂಕಾಸುರ ಹಂದಿಯ ಮೈಯಲ್ಲಿ ಎರಡು ಬಾಣ. ಬೇಟೆ ಯಾರದ್ದು ಎಂದು ಜಗಳ. ಅರ್ಜುನನ ಬತ್ತಳಿಕೆ ಬರಿದಾಗಿ, ಬಿಲ್ಲು ಹೋಗಿ, ಕೊನೆಗೆ ಮಲ್ಲಯುದ್ಧ. ಲಿಂಗಕ್ಕೆ ಹಾಕಿದ ಹೂಮಾಲೆ ಕಿರಾತನ ತಲೆಯ ಮೇಲೆ ಕಂಡಾಗಲೇ ಅವನಿಗೆ ಎದುರಾಳಿ ಯಾರೆಂದು ಹೊಳೆಯುವುದು. ಆಮೇಲೆ ಪಾಶುಪತಾಸ್ತ್ರ. ಅರ್ಜುನ ಗೆದ್ದದ್ದಕ್ಕೆ ಸಿಕ್ಕಿದ್ದಲ್ಲ ಅದು. ಆಯುಧವೆಲ್ಲ ಹೋದ ಮೇಲೂ ಅವನು ಬಿಟ್ಟುಕೊಡಲಿಲ್ಲ, ಅದಕ್ಕೆ ಸಿಕ್ಕಿದ್ದು.

ದೀಕ್ಷೆಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದು 2004ರ ‘ಏಲಿಯನ್ ವರ್ಸಸ್ ಪ್ರಿಡೇಟರ್’. ಸಿನಿಮಾ ಸಾಧಾರಣ, ಮನುಷ್ಯ ಪಾತ್ರಗಳಲ್ಲಿ ಅರ್ಧದಷ್ಟು ಜನರ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಕ್ರಮ ಮಾತ್ರ ಸ್ಪಷ್ಟವಾಗಿದೆ. ಅಂಟಾರ್ಕ್ಟಿಕ ಕಡೆಯ ಬುವೆ ದ್ವೀಪದ ಹಿಮದಡಿ 2,000 ಅಡಿ ಆಳದಲ್ಲಿ ಒಂದು ಪಿರಮಿಡ್, ಅದರೊಳಗೆ ಸರಪಳಿ ಬಿಗಿದು ಹಿಮದಲ್ಲಿ ಮಲಗಿಸಿಟ್ಟ ಏಲಿಯನ್ ರಾಣಿ; ಏಲಿಯನ್ ಎಂದರೆ ಈ ಬೇಟೆಗಾರರು ಬೇಟೆಯಾಡುವ ಪ್ರಾಣಿ. ನೂರು ವರ್ಷಕ್ಕೊಮ್ಮೆ ಪಿರಮಿಡ್ ಬಿಸಿಯಾಗುತ್ತದೆ. ಆ ಶಾಖ ಉಪಗ್ರಹಕ್ಕೆ ಕಾಣಿಸುತ್ತದೆ, ಏನಿರಬಹುದೆಂದು ಮನುಷ್ಯರು ತಾವಾಗಿಯೇ ಬರುತ್ತಾರೆ. ನಮ್ಮ ಕಡೆಯ ಹಳೆಯ ಬೇಟೆಯಲ್ಲಿ ಸೋವಿನವರು ಬೊಬ್ಬೆ ಹಾಕಿ ಹಂದಿಯನ್ನು ಕೋವಿಯವನ ಎದುರಿಗೆ ಅಟ್ಟುತ್ತಿದ್ದರು. ಇಲ್ಲಿ ಅಟ್ಟುವ ಕೆಲಸವೇ ಇಲ್ಲ. ಮನುಷ್ಯರು ಬೇಟೆಯ ಪ್ರಾಣಿಯೂ ಅಲ್ಲ, ಬೇಟೆಯ ಪ್ರಾಣಿ ಹುಟ್ಟುವುದಕ್ಕೆ ಬೇಕಾದ ಮೈ ಅಷ್ಟೆ. ರಾಣಿ ಎಚ್ಚೆತ್ತು ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಹಾರಿದ ಫೇಸ್‌ಹಗ್ಗರ್ ಮುಖಕ್ಕೆ ಅಂಟುತ್ತದೆ, ಆಮೇಲೆ ಎದೆ ಸೀಳಿಕೊಂಡು ಏಲಿಯನ್ ಹೊರಗೆ ಬರುತ್ತದೆ.

ದೀಕ್ಷೆಗೆ ಬಂದವರು ಮೂವರು ತರುಣರು: ಸ್ಕಾರ್, ಸೆಲ್ಟಿಕ್, ಚಾಪರ್. ಹೆಗಲ ಫಿರಂಗಿ ಇಲ್ಲದೆ ಒಳಗಿಳಿಯುತ್ತಾರೆ. ಮಣಿಕಟ್ಟಿನ ಅಲಗು, ಈಟಿ, ಎಸೆಯುವ ಚಕ್ರ, ಬಲೆ ಇಷ್ಟೇ ಇರುವುದು. ಫಿರಂಗಿ ಪಿರಮಿಡ್‌ನೊಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಕಾದಿರುತ್ತದೆ. ಮನುಷ್ಯರು ಮೊದಲೇ ಬಂದು ಅದನ್ನು ಎತ್ತಿಕೊಂಡಾಗ ಲೆಕ್ಕ ತಪ್ಪಲು ಸುರುವಾಗುತ್ತದೆ.

ಹತ್ತು ನಿಮಿಷಕ್ಕೊಮ್ಮೆ ಗೋಡೆಗಳು ಜಾಗ ಬದಲಿಸುತ್ತವೆ. ಹಳೆಯ ಮೆಕ್ಸಿಕೊದ ಅಜ್ಟೆಕ್ ಜನರ ಪಂಚಾಂಗ ಹತ್ತರ ಲೆಕ್ಕದ್ದು, ಅದಕ್ಕೇ ಹೀಗೆ ಎಂದು ಒಬ್ಬ ಪಾತ್ರ ವಿವರಣೆ ಕೊಡುತ್ತಾನೆ. ಶುದ್ಧ ತಪ್ಪು, ಮಾರಾಯ್ರೆ. ಅಲ್ಲಿಯ ಎಣಿಕೆ ಇಪ್ಪತ್ತರದ್ದು. 13 ಮತ್ತು 20 ಗುಣಿಸಿದ 260 ದಿನಗಳ ಚಕ್ರ ಒಂದು, 20 ದಿನಗಳ 18 ತಿಂಗಳಿಗೆ 5 ದಿನ ಸೇರಿಸಿದ ವರ್ಷ ಇನ್ನೊಂದು.

ಮೂವರಲ್ಲಿ ಚಾಪರ್ ಬೆನ್ನಿಗೆ ಯಾರೂ ಇಲ್ಲದ ಹೊತ್ತಿನಲ್ಲಿ ಏಲಿಯನ್‌ನ ಬಾಲಕ್ಕೆ ಸಿಕ್ಕಿ ಸಾಯುತ್ತಾನೆ. ಸೆಲ್ಟಿಕ್ ಸಾಯುವುದು ತನ್ನ ಬಲೆಯಿಂದಲೇ ಎನ್ನಬೇಕು. ಬಲೆಯ ತಂತಿ ತಾನಾಗಿ ಬಿಗಿಯುತ್ತ ಹೋಗಿ ಚರ್ಮ ಕೊಯ್ಯುತ್ತದೆ. ಬೇರೆ ಯಾವ ಪ್ರಾಣಿಗಾದರೂ ಅದು ಸಾವಿನ ಪಾಶ. ಏಲಿಯನ್‌ನ ರಕ್ತವೋ ಆಮ್ಲ: ಬಿಗಿದಷ್ಟೂ ರಕ್ತ ಒಸರುತ್ತದೆ, ಒಸರಿದಷ್ಟೂ ತಂತಿ ಕರಗುತ್ತದೆ. ತಲೆಯ ಮೇಲೆ ಚೌಕಳಿ ಗಾಯ ಹೊತ್ತು ಪ್ರಾಣಿ ಎದ್ದು ನಿಲ್ಲುತ್ತದೆ, ಸೆಲ್ಟಿಕ್ ಮುಗಿಯುತ್ತಾನೆ. ಯಾವ ಪ್ರಾಣಿಗೆ ಯಾವ ಆಯುಧ ಎಂದು ತಿಳಿಯುವುದೇ ಪರೀಕ್ಷೆಯ ಮೊದಲ ಪಾಠ. ಆಮೇಲೆ ಸ್ಕಾರ್ ಏಲಿಯನ್‌ನ ತಲೆಯ ಚಿಪ್ಪಿನಿಂದ ಗುರಾಣಿ, ಬಾಲದಿಂದ ಈಟಿ ಮಾಡಿ ಮನುಷ್ಯರ ತಂಡದ ದಾರಿ ತೋರಿಸುವ ಹೆಂಗಸು ಲೆಕ್ಸ್‌ಗೆ ಕೊಡುವುದರ ಹಿಂದೆಯೂ ಇದೇ ಲೆಕ್ಕಾಚಾರ. ಅದರ ರಕ್ತಕ್ಕೆ ಅದರ ಮೈ ಕರಗುವುದಿಲ್ಲವಲ್ಲ.

ಸ್ಕಾರ್‌ನದ್ದು ಬೇರೆ ತಪ್ಪು. ಅವನು ನಿಯಮ ಬಲ್ಲವನು. ಆ ತಂಡವನ್ನು ಕರೆತಂದ ಧನಿಕ ವೇಲ್ಯಾಂಡ್‌ನ ಎದೆಯೊಳಗೆ ಇಣುಕಿ, ರೋಗಿ ಎಂದು ಕಂಡು ಬಿಟ್ಟು ನಡೆಯುತ್ತಾನೆ. ಹಿಂದಿನಿಂದ ಬೆಂಕಿ ಬಿದ್ದ ಮೇಲೆಯೇ ತಿರುಗಿ ಕೊಲ್ಲುವುದು. ಒಂದು ಏಲಿಯನ್, ಒಂದು ಫೇಸ್‌ಹಗ್ಗರ್ ಕೊಂದ ಮೇಲೆ ಮುಖವಾಡ ತೆಗೆದು, ಆ ಆಮ್ಲ ರಕ್ತದಲ್ಲೇ ತನಗೆ ತಾನು ಗುರುತು ಕೊರೆದುಕೊಳ್ಳುತ್ತಾನೆ. ಚರ್ಮ ಹೊಗೆಯಾಡುತ್ತದೆ. ಜತೆಗಾರರಿಬ್ಬರೂ ಸತ್ತಿದ್ದಾರೆ, ಸುತ್ತ ಕಾವಲಿಲ್ಲ, ಗೋಡೆಯ ಸಂದಿನಿಂದ ನೋಡುತ್ತಿರುವವರು ಮನುಷ್ಯರು. ಮುಖ ಬರಿದಾದ ಆ ಗಳಿಗೆಯಲ್ಲೇ ಇನ್ನೊಂದು ಫೇಸ್‌ಹಗ್ಗರ್ ಅವನ ಮುಖಕ್ಕೆ ಅಂಟಿ ಒಳಗೆ ಮೊಳಕೆ ಬಿಟ್ಟು ಹೋಗುತ್ತದೆ. ಕೊನೆಗೆ ರಾಣಿಯ ಬಾಲಕ್ಕೆ ಸಿಕ್ಕಿ ಸತ್ತವನನ್ನು ಹಿರಿಯರು ಮರ್ಯಾದೆಯಿಂದ ಹಡಗಿಗೆ ಒಯ್ಯುತ್ತಾರೆ. ಯಾರೂ ಮೈ ಪರೀಕ್ಷಿಸುವುದಿಲ್ಲ. ಎದೆ ಸೀಳಿಕೊಂಡು ಎರಡೂ ಜಾತಿಯ ಮರಿ ಹೊರಬರುತ್ತದೆ.

ಲೆಕ್ಸ್‌ನ ಕೆನ್ನೆಯ ಗುರುತನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅವಳು ಈಟಿಯಿಂದ ಏಲಿಯನ್ ಕೊಂದದ್ದನ್ನು ಸ್ಕಾರ್ ಕಣ್ಣಾರೆ ಕಂಡು, ತನ್ನ ಕೈಯಿಂದ ಹಾಕಿದ್ದು ಅದು. ಕೊನೆಗೆ ಹಿಮದ ಮೇಲೆ ಹಿರಿಯ ಆ ಗುರುತು ನೋಡಿಯೇ ಅವಳಿಗೆ ಈಟಿ ಕೊಡುತ್ತಾನೆ. ಇಡೀ ಸಿನಿಮಾದಲ್ಲಿ ಕ್ರಮಪ್ರಕಾರ ಪೂರ್ತಿಯಾದ ದೀಕ್ಷೆ ಮನುಷ್ಯಳದ್ದು!

2022ರ ‘ಪ್ರೇ’ ಇದಕ್ಕಿಂತ ಬಹಳ ಒಳ್ಳೆಯ ಸಿನಿಮಾ. 1719ನೇ ಇಸವಿ, ಅಮೆರಿಕದ ಕಮಾಂಚಿ ಬುಡಕಟ್ಟಿನ ಹುಡುಗಿ ನಾರು. ತನ್ನನ್ನೇ ಬೇಟೆಯಾಡುವ ಪ್ರಾಣಿಯನ್ನು ಬೇಟೆಯಾಡುವುದು ಅವಳ ಮುಂದಿರುವ ದೀಕ್ಷೆ. ಬೇಟೆಗಾರನ ಬಾಣಗಳು ಅವನ ಮುಖವಾಡದ ಕೆಂಪು ಬೆಳಕು ಬಿದ್ದಲ್ಲಿಗೆ ಹೋಗುತ್ತವೆ ಎಂದು ಅವಳು ಗಮನಿಸಿರುತ್ತಾಳೆ. ಮುಖವಾಡ ಕದ್ದು, ಕೆಸರಿನ ಹೊಂಡದ ಬಳಿ ಅವನ ಕಡೆಗೇ ತಿರುಗಿಸಿಡುತ್ತಾಳೆ. ಅವನು ಬಿಟ್ಟ ಬಾಣ ಅವನ ತಲೆಗೇ. ಮೈಯ ಕಾವು ಇಳಿಸುವ ಕಿತ್ತಳೆ ಬಣ್ಣದ ಹೂವನ್ನು ಮೊದಲೇ ತಿಂದಿದ್ದರಿಂದ ಅವಳು ಅವನ ಕಣ್ಣಿಗೆ ಬೀಳುವುದೂ ಇಲ್ಲ. ಹಸಿರು ರಕ್ತವನ್ನು ಮುಖಕ್ಕೆ ತಾನೇ ಬಳಿದುಕೊಳ್ಳುತ್ತಾಳೆ, ನಿಜ. ಆದರೆ ತಲೆಯನ್ನು ಹೊತ್ತು ತಂದು ತನ್ನವರ ನಡುವೆ ಇಟ್ಟ ಮೇಲೆಯೇ ಅವಳನ್ನು ನಾಯಕಿಯೆಂದು ಒಪ್ಪುವುದು.

2025ರ ‘ಪ್ರಿಡೇಟರ್: ಬ್ಯಾಡ್‌ಲ್ಯಾಂಡ್ಸ್’ ಇದನ್ನು ತಿರುಗಿಸಿ ಹಾಕಿದೆ. ಡೆಕ್ ಎಂಬ ಪ್ರಿಡೇಟರ್ ಹುಡುಗ ತನ್ನ ಕುಲದಲ್ಲಿ ಎಲ್ಲರಿಗಿಂತ ಕುಳ್ಳ. ದುರ್ಬಲ ಎಂದು ಅಪ್ಪನೇ ಅವನನ್ನು ಕೊಲ್ಲಲು ಹೇಳುತ್ತಾನೆ, ಕಾಪಾಡಿದ ಅಣ್ಣ ಸಾಯುತ್ತಾನೆ. ಕಲಿಸ್ಕ್ ಎಂಬ ಪ್ರಾಣಿಯ ಬೇಟೆಗೆ ಜೆನ್ನಾ ಗ್ರಹಕ್ಕೆ ಹೋದ ಹುಡುಗ ತಂದ ಆಯುಧಗಳನ್ನು ಕಳೆದುಕೊಂಡು, ಅಲ್ಲಿಯ ಗಿಡ, ಹುಳುಗಳನ್ನೇ ಆಯುಧ ಮಾಡಿಕೊಳ್ಳುತ್ತಾನೆ. ಬರಿದಾದ ಬತ್ತಳಿಕೆಯ ಮಾತು ಇಲ್ಲೂ ಬಂತು. ಗೆದ್ದು ಮರಳಿದವನನ್ನು ಅಪ್ಪ ಒಪ್ಪುವುದಿಲ್ಲ. ಪಟ್ಟು, ಬಳೆ ಕೊಡಬೇಕಾದವನೇ ಕೈ ಹಿಂದೆ ಕಟ್ಟಿ ನಿಂತರೆ ಗೆದ್ದವನು ಎಲ್ಲಿಗೆ ಹೋಗಬೇಕು? ಡೆಕ್ ಅಪ್ಪನೆದುರೇ ಕತ್ತಿ ಹಿಡಿದು ನಿಲ್ಲುತ್ತಾನೆ, ತನ್ನ ಕುಲ ಬೇರೆ ಎನ್ನುತ್ತಾನೆ. ಆ ಕುಲದಲ್ಲಿ ಅವನ ಜಾತಿಯವರು ಒಬ್ಬರೂ ಇಲ್ಲ. ಇರುವುದು ಒಂದು ಯಂತ್ರದ ಹೆಣ್ಣು, ಒಂದು ಕಲಿಸ್ಕ್ ಮರಿ.