ಟ್ರಿಕ್ ಏನೂ ಇಲ್ಲ, ದುಡ್ಡು ಮೊದಲೇ ಕೈಯಲ್ಲಿರಬೇಕು

"ಅಕ್ಕ, ನೀವು ಕ್ರೆಡಿಟ್ ಕಾರ್ಡಿಗೆ ಬಡ್ಡಿನೇ ಕಟ್ಟಲ್ವಂತೆ. ಏನ್ ಟ್ರಿಕ್ ಅದು? ನಮಗೂ ಸ್ವಲ್ಪ ಹೇಳಿ."

ಹೋದ ತಿಂಗಳು ಗೋಣಿಕೊಪ್ಪದ ಒಂದು ಮದುವೆಯಲ್ಲಿ ಊಟಕ್ಕೆ ಕೂತ ಮೇಲೆ ಬಂದ ಪ್ರಶ್ನೆ ಇದು. ತಟ್ಟೆಯಲ್ಲಿ ಕಡಂಬುಟ್ಟು, ಪಂದಿ ಕರಿ. ನಾನು ಹೇಳಿ ಮುಗಿಸುವಷ್ಟರಲ್ಲಿ ಕರಿ ತಣ್ಣಗಾಗಿ ಮೇಲೆ ನೆಣ ಕಟ್ಟಿತ್ತು. ಇದೇ ಪ್ರಶ್ನೆಗೆ ವಿರಾಜಪೇಟೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಉತ್ತರ ಹೇಳಿದ್ದೇನೆ. ಒಂದು ಸಾವಿನ ಮನೆಯ ಅಂಗಳದಲ್ಲೂ ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ನಾನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಹನ್ನೊಂದು ವರ್ಷದಿಂದ ಕಾರ್ಡ್ ಇಟ್ಟುಕೊಂಡಿದ್ದೇನೆ. ಒಂದೇ ಒಂದು ಸಲ ಬಡ್ಡಿ ಕಟ್ಟಿದ್ದೇನೆ, ಅದನ್ನೂ ಮುಂದೆ ಹೇಳುತ್ತೇನೆ.

ಉತ್ತರ ಇಷ್ಟೇ: ಬಿಲ್ಲಿನಲ್ಲಿ ಟೋಟಲ್ ಅಂತ ಎಷ್ಟು ಇದೆಯೋ ಅಷ್ಟನ್ನೂ, ಬಿಲ್ ಕಟ್ಟಲು ಕೊಟ್ಟ ಕೊನೇ ತಾರೀಕಿನ ಒಳಗೆ, ಪ್ರತಿ ತಿಂಗಳೂ ಕಟ್ಟಿ. ಬಡ್ಡಿ ಬರುವುದಿಲ್ಲ. ಮುಗೀತು.

ಇದನ್ನು ಹೇಳಿದರೆ ಕೇಳಿದವರ ಮುಖ ಸಣ್ಣದಾಗುತ್ತದೆ. "ಅದು ಗೊತ್ತು ಅಕ್ಕ, ಬೇರೆ ಏನಾದ್ರೂ..." ಅಂತಾರೆ. ಬೇರೆ ಏನೂ ಇಲ್ಲ. ಟ್ರಿಕ್ ಅನ್ನುವ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಟ್ರಿಕ್ ಅಂದರೆ ಯಾರೋ ಒಬ್ಬರು ಮೋಸ ಹೋಗಬೇಕು ಅಲ್ವಾ? ಬ್ಯಾಂಕಿನವರು ನನ್ನಿಂದ ಮೋಸ ಹೋಗುತ್ತಿಲ್ಲ. ನಮ್ಮ ಅಂಗಡಿಯಲ್ಲಿ ಯಾರಾದರೂ ಸಾವಿರ ರೂಪಾಯಿಗೆ ಕಾರ್ಡ್ ಉಜ್ಜಿದರೆ ಅಂಗಡಿಯ ಖಾತೆಗೆ ಪೂರ್ತಿ ಸಾವಿರ ಬರುವುದಿಲ್ಲ. ಹದಿನೈದೋ ಇಪ್ಪತ್ತೋ ಮುರಿದುಕೊಂಡು ಉಳಿದದ್ದು ಬರುತ್ತದೆ. ದಿನಾ ಸಂಜೆ ಆ ಲೆಕ್ಕ ಬರೆಯುವವಳು ನಾನೇ. ನಾನು ಬಡ್ಡಿ ಕಟ್ಟದಿದ್ದರೂ ಅವರಿಗೆ ಸಿಗಬೇಕಾದ್ದು ಅಂಗಡಿಯಿಂದ ಸಿಗುತ್ತದೆ. ನೀವು ಬಡ್ಡಿ ಕಟ್ಟಿದರೆ ಎರಡೂ ಕಡೆಯಿಂದ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು, "50 ದಿನ ಫ್ರೀ", ಅಂದರೆ ಕೊಂಡ ಮೇಲೆ ಅಷ್ಟು ದಿನ ಬಡ್ಡಿ ಇಲ್ಲ ಅನ್ನುವುದು. ಎಲ್ಲರಿಗೂ ಎಲ್ಲ ಖರೀದಿಗೂ 50 ದಿನ ಸಿಗುವುದಿಲ್ಲ. ನನ್ನ ಬಿಲ್ ಪ್ರತಿ ತಿಂಗಳು 12ಕ್ಕೆ ಆಗುತ್ತದೆ. ಕಟ್ಟಲು ಅಲ್ಲಿಂದ 20 ದಿನ. ಮೇ 13ಕ್ಕೆ ಏನಾದರೂ ಕೊಂಡರೆ ಅದು ಜೂನ್ 12ರ ಬಿಲ್ಲಿಗೆ ಬರುತ್ತದೆ, ಜುಲೈ 2ರೊಳಗೆ ಕಟ್ಟಿದರೆ ಸಾಕು. ಅದಕ್ಕೆ 50 ದಿನ. ಅದೇ ವಸ್ತುವನ್ನು ಜೂನ್ 11ಕ್ಕೆ ಕೊಂಡರೆ ಅದೂ ಅದೇ ಬಿಲ್ಲಿಗೆ ಬರುತ್ತದೆ, ಸಿಗುವುದು 21 ದಿನ ಮಾತ್ರ. ದೊಡ್ಡ ಖರ್ಚು ಇದ್ದರೆ ಬಿಲ್ ಆದ ಮಾರನೇ ದಿನ ಮಾಡಿ. ಬಿಲ್ ತಾರೀಕು ನಿಮಗೆ ಹೊಂದದಿದ್ದರೆ ಬದಲಾಯಿಸಿ ಕೊಡಿ ಅಂತ ಕೇಳಿ. ಅದಕ್ಕೆ ಅವಕಾಶ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ.

ಈಗ ನಮ್ಮ ಪಕ್ಕದ ತೋಟದ ಹುಡುಗನ ವಿಷಯ ಹೇಳುತ್ತೇನೆ. ಅವನು ಒಪ್ಪಿದ್ದಾನೆ, ಹೆಸರು ಹಾಕಬೇಡಿ ಅಕ್ಕ ಅಂದಿದ್ದಾನೆ, ಅಷ್ಟೇ. ಅವನಿಗೆ ಎರಡು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿದ ಒಂದಿಷ್ಟು ಕಾಳುಮೆಣಸು. ಮೇ 20ಕ್ಕೆ ಮಕ್ಕಳ ಸ್ಕೂಲ್ ಫೀಸು, ಯೂನಿಫಾರ್ಮು, ಕಳೆ ಕೊಚ್ಚುವ ಮಷಿನ್ನು ಎಲ್ಲ ಸೇರಿ 80,000 ರೂಪಾಯಿಗೆ ಕಾರ್ಡ್ ಉಜ್ಜಿದ. ಜೂನ್ 12ಕ್ಕೆ ಬಿಲ್ ಬಂತು. ಅದರಲ್ಲಿ ಎರಡು ಅಂಕಿ ಇರುತ್ತವೆ. ಟೋಟಲ್ 80,000. ಮಿನಿಮಮ್ 4,000. ಅವನು ನಾಲ್ಕು ಸಾವಿರ ಕಟ್ಟಿದ. "ಮಿನಿಮಮ್ ಕಟ್ಟಿದ್ರೆ ಸಾಕು ಅಂತ ಅವರೇ ಬರೆದಿದ್ದಾರಲ್ಲ" ಅಂದ.

ಜುಲೈ ಮಧ್ಯದಲ್ಲಿ, ಕಕ್ಕಡ ತಿಂಗಳು ಶುರುವಾದ ವಾರ ನಮ್ಮ ಮನೆಗೆ ಬಂದ. ಎರಡು ದಿನದಿಂದ ಕರೆಂಟ್ ಇರಲಿಲ್ಲ. ಕೊಡೆ ಮಡಚಿ ಜಗಲಿಯಲ್ಲಿ ಒರಗಿಸಿದರೆ ಅದರಿಂದ ನೀರು ಹರಿದು ಹೊಸ್ತಿಲವರೆಗೆ ಬಂತು. ಅವನ ಫೋನಿನಲ್ಲಿ ಚಾರ್ಜು ಇದ್ದದ್ದು ಶೇ. 9. ಅದು ಆರಿ ಹೋಗುವ ಮೊದಲು ಬಿಲ್ಲಿನ ಅಂಕಿಗಳನ್ನೆಲ್ಲ ನನ್ನ ಮಗಳ ರಫ್ ನೋಟಿನ ಹಿಂದಿನ ಹಾಳೆಗೆ ಇಳಿಸಿಕೊಂಡೆ. ಜುಲೈ 12ರ ಬಿಲ್ಲು: 81,703.

"ನಾಲ್ಕು ಸಾವಿರ ಕಟ್ಟಿದ್ದೀನಿ ಅಕ್ಕ. ಹೊಸದಾಗಿ ಏನೂ ತಗೊಂಡಿಲ್ಲ. ಹೇಗೆ ಜಾಸ್ತಿ ಆಯ್ತು?"

ಮೇಣದ ಬತ್ತಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ 42. ಟೋಟಲ್ ಪೂರ್ತಿ ಕಟ್ಟದಿದ್ದರೆ ಆ 50 ದಿನದ ಸವಲತ್ತು ಹೋಗಿಬಿಡುತ್ತದೆ. ಬಡ್ಡಿ ಶುರುವಾಗುವುದು ಕೊನೇ ತಾರೀಕಿನಿಂದ ಅಲ್ಲ, ಕಾರ್ಡ್ ಉಜ್ಜಿದ ದಿನದಿಂದ. ಮೇ 20ರಿಂದ ಜುಲೈ 2ರವರೆಗೆ 43 ದಿನ, 80,000ಕ್ಕೆ ಬಡ್ಡಿ 3,958. ನಾಲ್ಕು ಸಾವಿರ ಕಟ್ಟಿದ ಮೇಲೆ ಉಳಿದ 76,000ಕ್ಕೆ 10 ದಿನದ ಬಡ್ಡಿ 875. ಎರಡೂ ಸೇರಿ 4,833. ಅದರ ಮೇಲೆ ಶೇ. 18 ಜಿಎಸ್‌ಟಿ, 870. ಒಟ್ಟು 5,703. ಅವನು ಕಟ್ಟಿದ ನಾಲ್ಕು ಸಾವಿರ ಬಡ್ಡಿಗೇ ಸಾಲಲಿಲ್ಲ.

ಹುಡುಗ ಹಾಳೆಯನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ, "ಇಷ್ಟು ಬಡ್ಡಿ ಹಾಕೋಕೆ ಕಾನೂನು ಬಿಡುತ್ತಾ ಅಕ್ಕ?" ಅಂದ.

ಬಿಡುತ್ತದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡಿನ ಮೇಲೆ ವರ್ಷಕ್ಕೆ ಶೇ. 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಅಂತ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಹಾಗಾಗಿ ಕೋರ್ಟು ನಿಮ್ಮನ್ನು ಕಾಪಾಡುತ್ತದೆ ಅಂತ ಕಾಯಬೇಡಿ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತಿಂಗಳು ವರ್ಷಗಳವರೆಗೆ ಎಳೆಯುತ್ತದೆ ಅಂತ ಪ್ರತಿ ಬಿಲ್ಲಿನಲ್ಲೂ ಎಚ್ಚರಿಕೆ ಹಾಕಬೇಕು ಅನ್ನುವ ನಿಯಮ ಇದೆ. ಹಾಕಿರುತ್ತಾರೆ. ಆದರೆ ಫೋನಿಗೆ ಬರುವ ಮೆಸೇಜು ನೋಡಿ ಕಟ್ಟುವವರು ಬಿಲ್ ತೆರೆಯುವುದೇ ಇಲ್ಲ.

ನಾನು ಬಡ್ಡಿ ಕಟ್ಟಿದ ಆ ಒಂದು ಸಲವೂ ಈ ಮಿನಿಮಮ್‌ನಿಂದಲೇ. ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಕಟ್ಟಿಕೊಳ್ಳಲಿ ಅಂತ ಆಟೋ ಡೆಬಿಟ್‌ಗೆ ಬರೆದುಕೊಟ್ಟಿದ್ದೆ. ಫಾರ್ಮ್ ತುಂಬಿದವರು ಮಿನಿಮಮ್ ಅನ್ನುವ ಜಾಗಕ್ಕೆ ಟಿಕ್ ಹಾಕಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಖಾತೆಯಲ್ಲಿ ದುಡ್ಡು ಇತ್ತು, ಆದರೂ ಬಡ್ಡಿ ಬಿತ್ತು. ನಾಲ್ಕು ಸಲ ಫೋನ್ ಮಾಡಿದೆ, ದುಡ್ಡು ವಾಪಸ್ ಬರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ನೀವು ಆಟೋ ಡೆಬಿಟ್ ಹಾಕಿದ್ದರೆ ಇವತ್ತೇ ತೆರೆದು ನೋಡಿ, ಟೋಟಲ್ ಅಂತ ಇದೆಯಾ, ಮಿನಿಮಮ್ ಅಂತ ಇದೆಯಾ. ಮಳೆಗಾಲದಲ್ಲಿ ಕೊನೇ ದಿನಕ್ಕೆ ಕಾಯಲೂಬೇಡಿ. ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ನಿಮಗೆ ಗೊತ್ತಿರುವ ವಿಷಯವೇ. ತಡ ಶುಲ್ಕ ಹಾಕಬೇಕಾದರೆ ಕೊನೇ ತಾರೀಕು ದಾಟಿ ಮೂರು ದಿನಕ್ಕಿಂತ ಜಾಸ್ತಿ ಆಗಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆ ಮೂರು ದಿನ ಆಪತ್ತಿಗೆ ಇರಲಿ, ಅಭ್ಯಾಸಕ್ಕೆ ಬೇಡ.

ಕಾರ್ಡ್ ಹಾಕಿ ಎಟಿಎಂನಿಂದ ನಗದು ತೆಗೆಯುವವರಿಗೆ ಒಂದು ಮಾತು. ಸಂತೆ ದಿನ ಆಳುಗಳಿಗೆ ಬಟವಾಡೆ ಕೊಡಬೇಕು, ಕೈಯಲ್ಲಿ ದುಡ್ಡಿಲ್ಲ ಅಂತ ಹಾಗೆ ತೆಗೆದವರು ನನಗೆ ಗೊತ್ತು. ನಗದಿಗೆ ಒಂದು ದಿನವೂ ಫ್ರೀ ಇಲ್ಲ. ತೆಗೆದ ಗಳಿಗೆಯಿಂದ ಬಡ್ಡಿ, ಜೊತೆಗೆ ಬೇರೆ ಶುಲ್ಕ. ಬೇಡವೇ ಬೇಡ. ನೋ ಕಾಸ್ಟ್ ಇಎಂಐ ಅಂತ ಕೊಡುವುದರಲ್ಲೂ ಪ್ರೋಸೆಸಿಂಗ್ ಶುಲ್ಕ, ಬಡ್ಡಿ ಮೇಲಿನ ಜಿಎಸ್‌ಟಿ ಕೂತಿರುತ್ತವೆ. ಕೇಳಿ ತಿಳಿದುಕೊಂಡು ಒಪ್ಪಿಕೊಳ್ಳಿ.

"ನಿಮಗೇನು ಅಕ್ಕ, ತಿಂಗಳು ತಿಂಗಳು ಸಂಬಳ ಬರುತ್ತೆ" ಅಂತಾರೆ. ಹೌದು, ಬರುತ್ತದೆ. ಅದನ್ನು ತಪ್ಪು ಮಾಡಿದವಳ ಹಾಗೆ ಯಾಕೆ ಒಪ್ಪಿಕೊಳ್ಳಬೇಕು? ವಿಷಯ ಇರುವುದೇ ಅಲ್ಲಿ. ಕಾರ್ಡು ತಿಂಗಳ ಸಂಬಳದವರ ಲೆಕ್ಕಕ್ಕೆ ಹೊಲಿದ ಅಂಗಿ. ಅದಕ್ಕೆ ತಿಂಗಳು ಗೊತ್ತು, ಕುಯ್ಲು ಗೊತ್ತಿಲ್ಲ. ನಮ್ಮ ಅಂಗಡಿಯ ಉದ್ರಿ ಪುಸ್ತಕ ನೋಡಿ. ಜೂನ್‌ನಲ್ಲಿ ಗೊಬ್ಬರ ಒಯ್ದವರ ಹೆಸರಿನ ಮುಂದೆ "ಕಾಫಿ ಆದ ಮೇಲೆ" ಅಂತ ಬರೆದಿರುತ್ತೇನೆ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಒಣಗಿ ಮೂಟೆ ಕಟ್ಟಿ ಮಾರಿದ ಮೇಲೆ ಬಂದು ಕೊಡುತ್ತಾರೆ. ಅಂಗಡಿಯವರಿಗೂ ಮಳೆ ಗೊತ್ತು, ಕಣ ಒಣಗದಿದ್ದರೆ ಎರಡು ವಾರ ತಡ ಆಗುತ್ತದೆ ಅಂತ ಗೊತ್ತು. ಹೀಗೆ ಬದುಕಿದ ಜನ ಕಾರ್ಡನ್ನೂ ಅದೇ ಉದ್ರಿ ಪುಸ್ತಕ ಅಂದುಕೊಂಡಿದ್ದಾರೆ. ಹುಡುಗ ಅಂದುಕೊಂಡದ್ದೂ ಅದನ್ನೇ.

ಅದಕ್ಕೇ ನನ್ನನ್ನು ಬಡ್ಡಿ ತಪ್ಪಿಸುವುದು ಹೇಗೆ ಅಂತ ಕೇಳುವ ಬದಲು, ಮೇ ತಿಂಗಳಿಂದ ಮುಂದಿನ ಕುಯ್ಲಿನವರೆಗೆ ಮನೆ ನಡೆಸುವುದು ಹೇಗೆ ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಲು ಸಂಕೋಚ. ಕೈಯಲ್ಲಿ ದುಡ್ಡಿಲ್ಲ ಅನ್ನುವುದಕ್ಕಿಂತ ಟ್ರಿಕ್ ಏನು ಅಂತ ಕೇಳುವುದು ಸುಲಭ.

ಅದಕ್ಕೆ ನನ್ನಲ್ಲಿ ಉತ್ತರ ಇದೆ, ಅದು ನಮ್ಮ ಅತ್ತೆಯದು. ಅತ್ತೆ ಓದಿದ್ದು ಏಳನೇ ಕ್ಲಾಸು. ಕಾಫಿ ದುಡ್ಡು ಬಂದ ವಾರವೇ ಸೊಸೈಟಿಗೆ ಹೋಗಿ ಸಣ್ಣ ಸಣ್ಣ ಡಿಪಾಸಿಟ್ ಮಾಡುತ್ತಿದ್ದರು. ಒಂದು ಮೇ ತಿಂಗಳಲ್ಲಿ ಕೈಗೆ ಬರುವಂಥದ್ದು, ಫೀಸಿಗೆ. ಒಂದು ಆಗಸ್ಟಿಗೆ, ಕೈಲ್‌ಪೊಳ್ದ್ ಹಬ್ಬದ ಖರ್ಚಿಗೂ ಅದರಲ್ಲೇ. ಒಂದು ಪುತ್ತರಿ ಹಬ್ಬಕ್ಕೆ ಮುಂಚೆ, ಕುಯ್ಲಿನ ಆಳುಗಳ ಮುಂಗಡಕ್ಕೆ. ರಸೀದಿಗಳನ್ನು ಒಂದು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತಿದ್ದರು, ಮೊದಲು ಬರುವುದು ಮೇಲೆ. ಮಧ್ಯದಲ್ಲಿ ಮುರಿಯಲು ಮಾವ ಎಷ್ಟು ಸಲ ಕೇಳಿದರೂ ಬಾಟಲಿ ಕೊಡಲಿಲ್ಲ.

ಅದೂ ಸಾಲದೆ ಬಂದರೆ ಸಾಲ ಮಾಡಿ, ತಪ್ಪೇನಿಲ್ಲ. ಆದರೆ ಬೆಳೆಯ ಲೆಕ್ಕ ಗೊತ್ತಿರುವ ಸಾಲ ಮಾಡಿ. ಸಹಕಾರ ಸಂಘದ ಬೆಳೆ ಸಾಲ ಇದೆ, ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲದ್ದೂ ಇದೆ. ಬ್ಯಾಂಕಿನಲ್ಲಿ ಒಡವೆ ಸಾಲ ಇದೆ. ಹುಡುಗನ ಅಮ್ಮ ಎರಡು ಬಳೆ ಬಿಚ್ಚಿ ಕೊಟ್ಟರು. ಆ ವಾರವೇ ಬ್ಯಾಂಕಿನಲ್ಲಿಟ್ಟು 81,703 ಪೂರ್ತಿ ಕಟ್ಟಿಸಿದೆ. ಒಡವೆ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಫೆಬ್ರವರಿಯಲ್ಲಿ ಕಾಫಿ ಮಾರಿ ಬಿಡಿಸಿಕೊಂಡಾಗ ಏಳು ತಿಂಗಳಿಗೆ ಆದ ಬಡ್ಡಿ 5,700ರ ಹತ್ತಿರ. ಕಾರ್ಡು 53 ದಿನಕ್ಕೆ ತಿಂದದ್ದೂ ಅಷ್ಟೇ.

ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಬಡ್ಡಿ ಬಂತು ಅಂತ ಅವನು ಗಾಬರಿಯಾಗಿ ಓಡಿ ಬಂದಿದ್ದ. ಅದು ಬಿಲ್ ಆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ. ಅದನ್ನೂ ಕಟ್ಟಿ, ಅದರ ಮುಂದಿನ ಬಿಲ್ ಸೊನ್ನೆ ಆಗುವವರೆಗೆ ಕಾರ್ಡನ್ನು ಮುಟ್ಟಬೇಡಿ. ಹಳೇ ಬಾಕಿ ಉಳಿದಿರುವಾಗ ಹೊಸದಾಗಿ ಉಜ್ಜಿದ ಪೆಟ್ರೋಲಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ನಾನು ಹೇಗೆ ಬಳಸುತ್ತೇನೆ ಅಂತಲೂ ಹೇಳಿಬಿಡುತ್ತೇನೆ. ಕಾರ್ಡಿಗಾಗಿಯೇ ಬೇರೆ ಒಂದು ಎಸ್‌ಬಿ ಖಾತೆ ಇದೆ. 640 ರೂಪಾಯಿಗೆ ಕಾರ್ಡ್ ಉಜ್ಜಿದರೆ ಅದೇ ರಾತ್ರಿ 640 ರೂಪಾಯಿ ಸಂಬಳದ ಖಾತೆಯಿಂದ ಆ ಖಾತೆಗೆ ಹೋಗುತ್ತದೆ. ಹಾಕಲು ದುಡ್ಡಿಲ್ಲದ ದಿನ ಉಜ್ಜುವುದಿಲ್ಲ. ಲಿಮಿಟ್ ಜಾಸ್ತಿ ಮಾಡಿಕೊಡ್ತೀವಿ ಮೇಡಂ ಅಂತ ಫೋನ್ ಬರುತ್ತಲೇ ಇರುತ್ತದೆ, ಬೇಡ ಅಂತೀನಿ. ನನ್ನ ಒಪ್ಪಿಗೆ ಇಲ್ಲದೆ ಅವರು ಜಾಸ್ತಿ ಮಾಡುವ ಹಾಗಿಲ್ಲ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಅಂಗಡಿಗೆ ಬನ್ನಿ. ಬೆಳಿಗ್ಗೆ ಬೇಡ, ಆಗ ಲೋಡ್ ಇಳಿಯುತ್ತಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಬನ್ನಿ. ಫೋನಿನ ಮೆಸೇಜ್ ತೋರಿಸಬೇಡಿ. ಮೂರು ತಿಂಗಳ ಬಿಲ್ಲನ್ನು ಎಲ್ಲಾ ಹಾಳೆ ಸಮೇತ ಪ್ರಿಂಟ್ ಹಾಕಿಸಿಕೊಂಡು ಬನ್ನಿ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಕೊಡುತ್ತಾರೆ. ಕೂತು ಲೆಕ್ಕ ಹಾಕೋಣ.