ನರಳುತ್ತಿದ್ದ ಸ್ಟಿಯರಿಂಗ್ ಪಂಪು ಮತ್ತು ಸಡಿಲವಾಗಿದ್ದ ಒಂದು ಕ್ಲಿಪ್ಪು

ಕಳೆದ ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ಪ್ರತಿ ತಿರುವಿನಲ್ಲೂ ಬಾನೆಟ್ಟಿನೊಳಗಿನಿಂದ ನರಳುವಂಥ ಸದ್ದೊಂದು ಕೇಳಿಬರತೊಡಗಿತು. ಮನೆ ತಲುಪಿ ಅಂಗಳದಲ್ಲಿ ಕಾರು ತಿರುಗಿಸಲು ಹೋದರೆ ಸ್ಟಿಯರಿಂಗ್ ಒಮ್ಮೆ ಹಗುರ, ಮರುಕ್ಷಣ ಬಿಗಿ. ಮರುದಿನ ಗ್ಯಾರೇಜೊಂದರಲ್ಲಿ ತೋರಿಸಿದಾಗ ಅವರು ಐದು ನಿಮಿಷ ನೋಡಿ, ಪಂಪು ಹೋಗಿದೆ, ಜೊತೆಯಲ್ಲೇ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ರ್‍ಯಾಕನ್ನೂ ಬದಲಿಸಿಬಿಡುವುದು ಒಳ್ಳೆಯದು ಎಂದರು. ಹಣ ಹೊಂದಿಸಿಕೊಳ್ಳಲು ನಾನು ಎರಡು ದಿನ ಕೇಳಿದೆ. ಆ ಎರಡು ದಿನಗಳಲ್ಲಿ ಗೊತ್ತಾದದ್ದೇನೆಂದರೆ, ಪಂಪಿಗೂ ರ್‍ಯಾಕಿಗೂ ಏನೂ ಆಗಿರಲಿಲ್ಲ.

ನನ್ನದು ಆಯಿಲ್ ಒತ್ತಡದಿಂದ ನಡೆಯುವ ಹಳೆಯ ಬಗೆಯ ಪವರ್ ಸ್ಟಿಯರಿಂಗ್. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಆಯಿಲನ್ನು ಎಳೆದುಕೊಂಡು ಒತ್ತಡದಲ್ಲಿ ರ್‍ಯಾಕಿಗೆ ಕಳಿಸುತ್ತದೆ. ಅಲ್ಲಿಂದ ಅದು ಮತ್ತೆ ಡಬ್ಬಿಗೇ ಮರಳುತ್ತದೆ. ನಾವು ಸ್ಟಿಯರಿಂಗ್ ತಿರುಗಿಸಿದಾಗ ಅದರಿಂದ ಕೆಳಗಿಳಿಯುವ ಕಂಬಿಯ ತುದಿಯಲ್ಲಿರುವ ತೆಳುವಾದ ಸರಳೊಂದು ತುಸು ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದ ಕವಾಟವು ಆಯಿಲಿಗೆ ಎಡಕ್ಕೋ ಬಲಕ್ಕೋ ದಾರಿ ಕೊಡುತ್ತದೆ. ನೇರವಾಗಿ ಹೋಗುವಾಗ ಒತ್ತಡ ಬಹಳ ಕಡಿಮೆ. ನಿಂತ ಕಾರಿನ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಅದು ಅತಿ ಹೆಚ್ಚು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇಂಥ ವ್ಯವಸ್ಥೆಯನ್ನು ಕಾರಿಗೆ ಅಳವಡಿಸಿ ತೋರಿಸಿದ್ದರೂ, ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಆದ್ದರಿಂದ ಸ್ಟಿಯರಿಂಗ್ ಬಿಗಿಯಾಗಿದೆ ಎಂದಷ್ಟೇ ಹೇಳಿದರೆ ಸಾಲದು, ಯಾವಾಗ ಬಿಗಿಯಾಗುತ್ತದೆ ಎಂಬುದನ್ನು ಗಮನಿಸಬೇಕು. ನಿಂತಾಗ ಬಿಗಿಯಾಗಿದ್ದು ಆಕ್ಸಿಲರೇಟರ್ ಒತ್ತಿದೊಡನೆ ಹಗುರಾದರೆ, ಆಯಿಲ್ ಕಡಿಮೆಯಾಗಿರಬಹುದು, ಬೆಲ್ಟು ಜಾರುತ್ತಿರಬಹುದು ಅಥವಾ ಪಂಪು ನಿಜವಾಗಿಯೂ ಸವೆದಿರಬಹುದು. ರಸ್ತೆಯ ನೀರಿನಲ್ಲಿ ಹೋದಮೇಲೆ ಕಿರ್ರೆಂದು ಕೂಗಿ ಸ್ವಲ್ಪ ಹೊತ್ತು ಮಾತ್ರ ಬಿಗಿಯಾದರೆ ಅದು ಹೆಚ್ಚಾಗಿ ಒದ್ದೆಯಾದ ಸಡಿಲ ಬೆಲ್ಟು. ಒಂದೇ ಕಡೆಗೆ ಬಿಗಿಯಾದರೆ ಸಂಶಯ ರ್‍ಯಾಕಿನ ಕವಾಟದ ಮೇಲೆ, ಒಳಗಿನ ಸೀಲುಗಳ ಮೇಲೆ. ಎಲ್ಲ ವೇಗದಲ್ಲೂ ಬಿಗಿಯಾಗಿದ್ದು, ತಿರುವು ಮುಗಿದಮೇಲೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಆಯಿಲಿನ ವಿಚಾರವನ್ನು ಬದಿಗಿಟ್ಟು, ಮೊದಲು ಟಯರಿನ ಗಾಳಿ ನೋಡಿ, ಆಮೇಲೆ ಕಂಬಿಯ ಕ್ರಾಸ್ ಜಾಯಿಂಟು ಮತ್ತು ಬಾಲ್ ಜಾಯಿಂಟುಗಳು ತುಕ್ಕು ಹಿಡಿದಿವೆಯೇ ಎಂದು ಪರೀಕ್ಷಿಸಬೇಕು. ಮುಂದಿನ ಎರಡೂ ಚಕ್ರಗಳನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಎಂಜಿನ್ ಆರಿಸಿಯೇ ಸ್ಟಿಯರಿಂಗ್ ತಿರುಗಿಸಿ ನೋಡಿದರೆ ಇದು ತಿಳಿಯುತ್ತದೆ: ನೆಲದ ಭಾರವಿಲ್ಲದಿದ್ದಾಗಲೂ ಎಲ್ಲಾದರೂ ಸಿಕ್ಕಿಕೊಂಡಂತಾದರೆ ದೋಷ ಕೀಲುಗಳಲ್ಲಿ ಅಥವಾ ರ್‍ಯಾಕಿನಲ್ಲಿದೆ.

ನನ್ನ ಕಾರು ಈ ಪರೀಕ್ಷೆಯಲ್ಲಿ ಸಲೀಸಾಗಿ ತಿರುಗಿತು. ರ್‍ಯಾಕಿನ ಎರಡು ತುದಿಗಳ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಿದೆ. ಸೀಲು ಹೋಗಿದ್ದರೆ ಸೋರಿದ ಆಯಿಲ್ ಅಲ್ಲೇ ತುಂಬಿಕೊಳ್ಳುತ್ತದೆ. ಎರಡೂ ಒಣಗಿದ್ದವು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಆದರೆ ಎಂಜಿನ್ ಓಡುತ್ತಿದ್ದಾಗ ಡಬ್ಬಿಯ ಮುಚ್ಚಳ ತೆಗೆದರೆ, ಕೆಂಪಗಿರಬೇಕಾದ ಆಯಿಲ್ ಆಗತಾನೇ ಕರೆದ ಹಾಲಿನ ಹಾಗೆ ನೊರೆಗಟ್ಟಿತ್ತು. ಅಂದರೆ ಒಳಗೆ ಗಾಳಿ ಸೇರಿದೆ. ಗಾಳಿ ಸೇರಿದ ಆಯಿಲಿನಲ್ಲಿ ಒತ್ತಡ ಸಮನಾಗಿ ಏರುವುದಿಲ್ಲ. ಪಂಪು ನರಳಿದ್ದಕ್ಕೂ ಸ್ಟಿಯರಿಂಗ್ ಕ್ಷಣಕ್ಕೊಂದು ಬಗೆಯಾದದ್ದಕ್ಕೂ ಕಾರಣ ಅದೇ.

ಹನಿ ಸೋರದೆ ಗಾಳಿ ಹೇಗೆ ಸೇರಿತು ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಅಲ್ಲಿ ಸಂದು ಬಿಟ್ಟರೆ ಎಂಜಿನ್ ಓಡುವಾಗ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ನಿಂತಮೇಲೆ ಜಿನುಗುವ ಒಂದಿಷ್ಟು ತೇವ ಧೂಳಿಗೆ ಅಂಟಿ, ಕಣ್ಣಿಗೆ ಬೀಳದೆ ಹೋಗುತ್ತದೆ. ಪಂಪಿನ ಬಳಿ ಆ ಪೈಪಿನ ಬುಡ ಕಪ್ಪಗೆ ಜಿಡ್ಡುಗಟ್ಟಿತ್ತು. ಬೆಲ್ಟಿನಿಂದ ಕೈಯನ್ನು ದೂರವಿಟ್ಟುಕೊಂಡು, ಎಂಜಿನ್ ಓಡುತ್ತಿರುವಾಗಲೇ ಅದೇ ಆಯಿಲನ್ನು ಆ ಜಾಗಕ್ಕೆ ಎರಡು ಹನಿ ಬಿಟ್ಟೆ. ಸದ್ದು ಒಮ್ಮೆಲೇ ತಗ್ಗಿ, ಕೆಲವು ಕ್ಷಣಗಳ ಬಳಿಕ ಮತ್ತೆ ಶುರುವಾಯಿತು. ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇಕಿರಲಿಲ್ಲ.

ಗಡುಸಾಗಿದ್ದ ಪೈಪನ್ನೂ ಸಡಿಲವಾಗಿದ್ದ ಕ್ಲಿಪ್ಪನ್ನೂ ಬದಲಿಸಿ, ಗಾಳಿ ತೆಗೆಯುವ ಕೆಲಸಕ್ಕೆ ಕೈಹಾಕಿದೆ. ಇದರಲ್ಲಿ ಅವಸರ ಸಲ್ಲದು. ಚಕ್ರಗಳು ಎತ್ತಿರುವಾಗ, ಎಂಜಿನ್ ಆರಿಸಿಕೊಂಡೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ 15-20 ಸಲ ನಿಧಾನವಾಗಿ ತಿರುಗಿಸುತ್ತ, ಡಬ್ಬಿಯ ಮಟ್ಟ ಇಳಿದಂತೆ ಆಯಿಲ್ ಸೇರಿಸುತ್ತ ಹೋಗಬೇಕು. ಗುಳ್ಳೆಗಳು ನಿಂತಮೇಲೆಯೇ ಎಂಜಿನ್ ಚಾಲೂ ಮಾಡಿ ಮತ್ತೆ ಕೆಲವು ಸಲ ತಿರುಗಿಸಬೇಕು. ಕೊನೆಯ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟರೆ ಆಯಿಲ್ ಕಾದು ಪಂಪಿಗೆ ಪೆಟ್ಟಾಗುತ್ತದೆ. ಹಾಕುವುದು ಕಾರಿನ ಕೈಪಿಡಿ ಹೇಳಿದ ಆಯಿಲೇ ಆಗಿರಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ.

ಈಗಿನ ಬಹುತೇಕ ಹೊಸ ಕಾರುಗಳಲ್ಲಿ ಆಯಿಲಿನ ಬದಲು ವಿದ್ಯುತ್ ಮೋಟಾರು ಇರುವುದರಿಂದ ಹುಡುಕಾಟದ ದಾರಿಯೇ ಬೇರೆ. ಅಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು: ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಸಿಗಬೇಕು. ಅದು ಸರಿಯಿದ್ದೂ ಡ್ಯಾಶ್‌ಬೋರ್ಡಿನ ಸ್ಟಿಯರಿಂಗ್ ದೀಪ ಆರದಿದ್ದರೆ, ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸದೆ ಯಾವ ಭಾಗವನ್ನೂ ಬದಲಿಸಲು ಒಪ್ಪಬೇಡಿ. ಎರಡೂ ಬಗೆಗಳಲ್ಲಿ ಸಹಾಯ ನಿಂತುಹೋದರೂ ಸ್ಟಿಯರಿಂಗಿಗೂ ಚಕ್ರಕ್ಕೂ ನಡುವಿನ ಕೊಂಡಿ ಹಾಗೆಯೇ ಇರುತ್ತದೆ. ಭಾರವಾದರೂ ಕಾರು ತಿರುಗುತ್ತದೆ. ಘಾಟಿಯಲ್ಲಿ ಹೀಗಾದರೆ ಗಾಬರಿಯಾಗದೆ, ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು, ವೇಗ ತಗ್ಗಿಸಿ, ಅಗಲವಾದ ಜಾಗ ನೋಡಿ ನಿಲ್ಲಿಸಬಹುದು.

ಮಾರನೆಯ ಬೆಳಿಗ್ಗೆ ಡಬ್ಬಿ ತೆರೆದಾಗ ನೊರೆ ಪೂರ್ತಿ ಇಳಿದು, ಆಯಿಲ್ ತಿಳಿಗೆಂಪಾಗಿ ಗುರುತಿನ ಮಟ್ಟಕ್ಕೆ ನಿಂತಿತ್ತು. ಅದೇ ಹಳೆಯ ಪಂಪಿನಲ್ಲಿ ಚಾರ್ಮಾಡಿಯನ್ನು ಆಮೇಲೆ ನಾಲ್ಕು ಸಲ ಹತ್ತಿ ಇಳಿದಿದ್ದೇನೆ.